ಮತ ಹಾಕದಿರುವುದೂ ಲೆಕ್ಕಕ್ಕೆ ಸಿಗಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮತದಾನ ಕಡ್ಡಾಯವಾಗಬೇಕೇ, ಬೇಕೆಂದೇ ಮತ ಹಾಕದೆ ಉಳಿಯುವುದು ಸರಿಯೇ ಎಂಬ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಚುನಾವಣಾ ಕಾನೂನನ್ನೂ ಮತಗಟ್ಟೆಯ ಕೆಲಸವನ್ನೂ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಒಂದೇ ವಿಷಯದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಮತದಾನ ಕಡ್ಡಾಯ ಅಂದರೆ ನಿಂತವರಲ್ಲಿ ಯಾರಿಗಾದರೂ ಒಬ್ಬರಿಗೆ ಹಾಕಲೇಬೇಕು ಎಂದಲ್ಲವೇ? ಯಾರೂ ಬೇಡ ಅನ್ನುವವರ ಗತಿ ಏನು?

ಗುಪ್ತ ಮತದಾನ ಇರುವ ಕಡೆ ಸರ್ಕಾರದ ಕೈಗೆ ಸಿಗುವ ಮಾಹಿತಿ ಒಂದೇ: ಪಟ್ಟಿಯಲ್ಲಿರುವ ಈ ಹೆಸರಿನವರು ಬಂದರೋ ಇಲ್ಲವೋ. ಪರದೆಯ ಆಚೆ ಏನು ಮಾಡಿದಿರಿ ಎಂಬುದು ಯಾರಿಗೂ ಗೊತ್ತಾಗಬಾರದು, ಗೊತ್ತಾಗುವುದೂ ಇಲ್ಲ. ಹಾಗಾಗಿ ಕಾನೂನಿನ ಮಾತು ಎಷ್ಟೇ ಬಿಗಿಯಾಗಿದ್ದರೂ ಜಾರಿಗೆ ಬರುವುದು ಹಾಜರಿ ಮಾತ್ರ.

ಆಸ್ಟ್ರೇಲಿಯಾವನ್ನೇ ನೋಡಿ. ಅಲ್ಲಿನ ಚುನಾವಣಾ ಕಾಯ್ದೆಯ 245ನೇ ಕಲಂ ಪ್ರಕಾರ ಮತ ಹಾಕುವುದು ಪ್ರತಿ ಮತದಾರರ ಕರ್ತವ್ಯ. ಮತಗಟ್ಟೆಯಲ್ಲಿ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ಚುನಾವಣೆ ಮುಗಿದ ಮೇಲೆ ಎಲ್ಲ ಪಟ್ಟಿಗಳನ್ನೂ ತಾಳೆ ನೋಡಿ, ಗುರುತೇ ಬೀಳದ ಹೆಸರಿನವರಿಗೆ ಮೂರು ತಿಂಗಳೊಳಗೆ ನೋಟಿಸ್ ಕಳಿಸುತ್ತಾರೆ. ನೋಟಿಸ್ ಬಂದವರು ತಾವು ಮತ ಹಾಕಿದ್ದರೆ ಎಲ್ಲಿ, ಹೇಗೆ ಎಂದು ವಿವರ ಕೊಡಬಹುದು, ಹಾಕದಿದ್ದರೆ ಸೂಕ್ತ ಕಾರಣ ತಿಳಿಸಬಹುದು, ಇಲ್ಲವೇ 20 ಡಾಲರ್ ದಂಡ ಕಟ್ಟಿ ಮುಗಿಸಬಹುದು. ಯಾವುದನ್ನೂ ಮಾಡದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ದಂಡವೂ ಹೆಚ್ಚು, ಖರ್ಚೂ ಮೈಮೇಲೆ.

‘ಯಾರೂ ಬೇಡ’ ಅನ್ನುವುದು ಸೂಕ್ತ ಕಾರಣವಾಗುತ್ತದೆಯೇ? ಇದು 1926ರಲ್ಲೇ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ಮುಂದೆ ಬಂತು. ಜಡ್ ಎಂಬ ಸಮಾಜವಾದಿ, ನಿಂತವರೆಲ್ಲ ಬಂಡವಾಳಶಾಹಿಯ ಪರ, ಅಂಥವರಿಗೆ ಮತ ಹಾಕುವುದು ನನ್ನ ಪಕ್ಷದ ನಿಲುವಿಗೆ ವಿರುದ್ಧ ಎಂದು ವಾದಿಸಿದರು. ಬಹುಮತದ ತೀರ್ಪು ಅದನ್ನು ಒಪ್ಪಲಿಲ್ಲ. ಭಿನ್ನಮತ ಬರೆದವರು ನ್ಯಾಯಮೂರ್ತಿ ಹಿಗಿನ್ಸ್ ಮಾತ್ರ. ಅಲ್ಲಿಂದ ಈಚೆಗೆ ಆಸ್ಟ್ರೇಲಿಯಾದಲ್ಲಿ ರಾಜಕೀಯ ಅಸಮ್ಮತಿ ಮತದಾನದಿಂದ ವಿನಾಯಿತಿ ಪಡೆಯುವ ಕಾರಣವಲ್ಲ.

ಆದರೆ ಖಾಲಿ ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದರೆ ಹಿಡಿಯುವವರಿಲ್ಲ. ಅಲ್ಲಿನ ಕೆಳಮನೆಯ ಚುನಾವಣೆಯಲ್ಲಿ ಶೇ 5ರ ಆಸುಪಾಸು ಮತಗಳು ಅಸಿಂಧುವಾಗುತ್ತವೆ. ತೊಂದರೆ ಇರುವುದು ಇಲ್ಲಿ. ಬೇಕೆಂದೇ ಖಾಲಿ ಬಿಟ್ಟ ಚೀಟಿ, ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮಾಂಕ ಬರೆಯುವಾಗ ತಪ್ಪಿದ ಚೀಟಿ, ಭಾಷೆ ಅರ್ಥವಾಗದೆ ಕೆಟ್ಟ ಚೀಟಿ, ಮೂರನ್ನೂ ಒಂದೇ ರಾಶಿಗೆ ಸೇರಿಸುತ್ತಾರೆ. ಅಂತಿಮ ಫಲಿತಾಂಶದಲ್ಲಿ ಸಿದ್ಧಾಂತದಿಂದ ನಿರಾಕರಿಸಿದವರ ಸಂಖ್ಯೆ ಪ್ರತ್ಯೇಕವಾಗಿ ಕಾಣುವುದೇ ಇಲ್ಲ. ಬರಲೇಬೇಕು ಎಂದು ಆಜ್ಞೆ ಮಾಡುವ ಸರ್ಕಾರ, ಬಂದವರು ‘ಬೇಡ’ ಅಂದದ್ದನ್ನು ಬೇರೆಯಾಗಿ ಎಣಿಸದಿದ್ದರೆ ಅದು ಅನ್ಯಾಯ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ದಂಡಕ್ಕೆ ಹೆದರಿ ಹಾಕಿದ ಮತಕ್ಕೆ ಏನು ಬೆಲೆ? ಶೇಕಡಾವಾರು ಏರಿದ ಮಾತ್ರಕ್ಕೆ ಏನು ಬಂತು?

ಏರುವುದಂತೂ ಖಚಿತ. ಆಸ್ಟ್ರೇಲಿಯಾದಲ್ಲಿ 1922ರ ಸಂಸತ್ ಚುನಾವಣೆಗೆ ಬಂದವರು ಶೇ 60ಕ್ಕಿಂತ ಕಡಿಮೆ. 1924ರಲ್ಲಿ ಕಡ್ಡಾಯವಾಯಿತು, 1925ರಲ್ಲಿ ಶೇ 91 ದಾಟಿತು. ತೆಗೆದರೆ ಅಷ್ಟೇ ಬೇಗ ಇಳಿಯುತ್ತದೆ. ನೆದರ್ಲೆಂಡ್ಸ್ 1970ರಲ್ಲಿ ಕಡ್ಡಾಯ ಕೈಬಿಟ್ಟಿತು. 1967ರಲ್ಲಿ ಶೇ 95ರಷ್ಟಿದ್ದ ಹಾಜರಿ 1971ಕ್ಕೆ ಶೇ 79ಕ್ಕೆ ಬಂತು. ಬೆಲ್ಜಿಯಂನಲ್ಲಿ 1893ರಿಂದ ಕಡ್ಡಾಯವಿದೆ. ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯ ಸ್ಥಳೀಯ ಚುನಾವಣೆಗೆ ಮಾತ್ರ ಅದನ್ನು ರದ್ದು ಮಾಡಿದ ಮೇಲೆ, ಹಿಂದೆ ಶೇ 90ರ ಮೇಲಿದ್ದ ಹಾಜರಿ 2024ರಲ್ಲಿ ಶೇ 63ರ ಸುಮಾರಿಗೆ ಬಿತ್ತು.

ಎಷ್ಟು ಜನ ಬಿಟ್ಟುಹೋದರು ಎಂಬುದಕ್ಕಿಂತ ಯಾರು ಬಿಟ್ಟುಹೋದರು ಎಂಬುದು ಮುಖ್ಯ. ಹೆಚ್ಚಿನ ಪಾಶ್ಚಾತ್ಯ ದೇಶಗಳಲ್ಲಿ ಮತದಾನ ಐಚ್ಛಿಕವಾದರೆ ಮೊದಲು ತಪ್ಪಿಸಿಕೊಳ್ಳುವವರು ಯುವಕರು, ಬಡವರು, ಕಡಿಮೆ ಓದಿದವರು, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು. ಅವರು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಪಕ್ಷಗಳೂ ಅವರ ಬಾಗಿಲು ತಟ್ಟುವುದಿಲ್ಲ. ಕಡ್ಡಾಯದ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದು. ನಾಗರಿಕ ಕರ್ತವ್ಯದ ಉಪದೇಶಕ್ಕಿಂತ ಇದಕ್ಕೆ ತೂಕ ಹೆಚ್ಚು. ಭಾರತದಲ್ಲಿ ಮಾತ್ರ ಈ ವಾದಕ್ಕೆ ಅಷ್ಟು ಬಲವಿಲ್ಲ. ಇಲ್ಲಿ ಮತಗಟ್ಟೆಯಿಂದ ದೂರ ಉಳಿಯುವವರಲ್ಲಿ ಮಹಾನಗರಗಳ ಅನುಕೂಲಸ್ಥರು ಹೆಚ್ಚು, ಹಳ್ಳಿಯ ಬಡವರು ಸಾಲಿನಲ್ಲಿ ನಿಂತಿರುತ್ತಾರೆ.

‘ಹೆದರಿ ಹಾಕಿದ ಮತ’ದ ಬಗ್ಗೆ ಚಿಲಿಯ ಉದಾಹರಣೆ ನೋಡಿ. ಹೊಸ ಸಂವಿಧಾನ ಬರೆಯಬೇಕೇ ಎಂದು 2020ರಲ್ಲಿ ಕೇಳಿದಾಗ ಮತದಾನ ಐಚ್ಛಿಕವಾಗಿತ್ತು. ಅರ್ಧದಷ್ಟು ಜನ ಬಂದರು, ಬಂದವರಲ್ಲಿ ಶೇ 78 ಮಂದಿ ಹೌದು ಅಂದರು. ಬರೆದ ಕರಡನ್ನು 2022ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಮತದಾನಕ್ಕೆ ಇಟ್ಟಾಗ ಸುಮಾರು ಶೇ 86 ಮಂದಿ ಬಂದರು, ಶೇ 62 ಮಂದಿ ಬೇಡ ಅಂದರು. ಕರಡಿನಲ್ಲೇ ದೋಷವಿತ್ತು ಅನ್ನುವವರೂ ಇದ್ದಾರೆ, ಅದು ಇರಬಹುದು. ಆದರೂ ಮೊದಲ ಸಲ ಮನೆಯಲ್ಲಿ ಉಳಿದಿದ್ದವರು ಬಂದವರಂತೆಯೇ ಯೋಚಿಸುತ್ತಿದ್ದರು ಎಂದು ನಂಬಿದವರ ಲೆಕ್ಕ ತಪ್ಪಿತು ಎಂಬುದರಲ್ಲಿ ಸಂದೇಹವಿಲ್ಲ. ಬಲವಂತಕ್ಕೆ ಬಂದವರೂ ಯೋಚಿಸಿಯೇ ಒತ್ತುತ್ತಾರೆ. ಅವರ ಮತವನ್ನು ಕೀಳು ಎನ್ನಲು ಯಾವ ಆಧಾರವೂ ಇಲ್ಲ.

ದಂಡ ಎಷ್ಟಿರಬೇಕು? ಪಡಿತರ, ಸಬ್ಸಿಡಿ ನಿಲ್ಲಿಸಿದರೆ ಎಲ್ಲರೂ ತಾವಾಗಿ ಬರುತ್ತಾರೆ ಎಂಬ ಸಲಹೆಯನ್ನು ಆಗಾಗ ಕೇಳುತ್ತೇವೆ.

ಆ ಸಲಹೆಯನ್ನು ನಾವು ಪೂರ್ತಿ ವಿರೋಧಿಸುತ್ತೇವೆ. ಬೊಲಿವಿಯಾದಲ್ಲಿ ಮತ ಹಾಕಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಚುನಾವಣೆಯ ನಂತರ 90 ದಿನ ಬ್ಯಾಂಕಿನ ಕೆಲಸಕ್ಕೂ ಸರ್ಕಾರಿ ಕಚೇರಿಗಳ ಕೆಲಸಕ್ಕೂ ಅದನ್ನು ತೋರಿಸಬೇಕು. ಬ್ರೆಜಿಲ್‌ನಲ್ಲಿ ದಂಡ ತೀರಾ ಸಣ್ಣದು. ಆದರೆ ಬಾಕಿ ತೀರಿಸುವ ತನಕ ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ನೌಕರಿ ಇಲ್ಲ. ಇಟಲಿ ಹಿಂದೆ ಗೈರಾದವರ ಪಟ್ಟಿಯನ್ನು ಸಾರ್ವಜನಿಕವಾಗಿ ಹಚ್ಚುತ್ತಿತ್ತು, ಸನ್ನಡತೆಯ ಪತ್ರದಲ್ಲಿ ‘ಮತ ಹಾಕಿಲ್ಲ’ ಎಂದು ಐದು ವರ್ಷ ನಮೂದಿಸುತ್ತಿತ್ತು. 1993ರಲ್ಲಿ ಅದನ್ನು ಬಿಟ್ಟರು. ಎಲ್ಲಕ್ಕಿಂತ ವಿಚಿತ್ರ ಬೆಲ್ಜಿಯಂ ಕಾನೂನು: 15 ವರ್ಷಗಳಲ್ಲಿ ನಾಲ್ಕು ಸಲ ಗೈರಾದರೆ 10 ವರ್ಷ ಮತದಾರರ ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಮತ ಹಾಕದ ತಪ್ಪಿಗೆ ಮತದ ಹಕ್ಕನ್ನೇ ಕಸಿಯುವ ಶಿಕ್ಷೆ ಇದು.

ಇಂಥ ಕ್ರಮಗಳ ಹೊಡೆತ ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಉಳ್ಳವರು ದಂಡ ಕಟ್ಟಿ ಮರೆಯುತ್ತಾರೆ. ದಿನಗೂಲಿಯವರಿಗೆ ಬ್ಯಾಂಕಿನ ಬಾಗಿಲು ಮುಚ್ಚಿದರೆ ಆ ತಿಂಗಳ ಬದುಕೇ ನಿಲ್ಲುತ್ತದೆ. ಪೆರು ಈ ವಿಷಯದಲ್ಲಿ ಸ್ವಲ್ಪ ವಿವೇಕ ತೋರಿಸಿದೆ. ಅಲ್ಲಿ ಜಿಲ್ಲೆಯ ಬಡತನದ ಮಟ್ಟ ನೋಡಿ ದಂಡದ ಮೊತ್ತ ಇಳಿಯುತ್ತದೆ. ದಂಡ ಹಾಕಲೇಬೇಕಿದ್ದರೆ ಅದು ಸಣ್ಣ ಹಣದ ದಂಡಕ್ಕೆ ನಿಲ್ಲಬೇಕು. ಅನ್ನ, ನೌಕರಿ, ಚಿಕಿತ್ಸೆ, ಮತದ ಹಕ್ಕು ಯಾವುದಕ್ಕೂ ತಗುಲಬಾರದು.

ಭಾರತದಲ್ಲಿ ಯಾಕೆ ತಂದಿಲ್ಲ? ತರಬೇಕೆಂದು ನಿಮಗೆ ಅನ್ನಿಸುತ್ತದೆಯೇ?

ಯೋಚನೆ ಹಳೆಯದೇ. ಚುನಾವಣಾ ಸುಧಾರಣೆಗೆಂದು ರಚಿಸಿದ್ದ 1990ರ ದಿನೇಶ್ ಗೋಸ್ವಾಮಿ ಸಮಿತಿ ಪರಿಶೀಲಿಸಿ ಬೇಡವೆಂದಿತು. 2015ರಲ್ಲಿ ಕಾನೂನು ಆಯೋಗದ 255ನೇ ವರದಿಯೂ ಬೇಡವೆಂದಿತು. ಗುಜರಾತ್ ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡುವ ಮಸೂದೆಯನ್ನು 2009ರಲ್ಲಿ ತಂದಿತು, 2014ರಲ್ಲಿ ರಾಜ್ಯಪಾಲರ ಅಂಕಿತ ಬಿತ್ತು, 100 ರೂಪಾಯಿ ದಂಡವೂ ನಿಗದಿಯಾಯಿತು. 2015ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. ಜನಪ್ರತಿನಿಧಿ ಕಾಯ್ದೆ 1951ರ 79(ಡಿ) ಕಲಂ ಚುನಾವಣಾ ಹಕ್ಕನ್ನು ವಿವರಿಸುವಾಗ ಮತ ಹಾಕುವುದನ್ನೂ ಹಾಕದಿರುವುದನ್ನೂ ಒಟ್ಟಿಗೇ ಹೇಳುತ್ತದೆ. ಅದನ್ನು ಬದಲಿಸದೆ ಸಂಸತ್ ಚುನಾವಣೆಗೆ ಕಡ್ಡಾಯ ತರುವುದು ಕಷ್ಟ.

ಈಗಿನ ಸ್ಥಿತಿಯಲ್ಲಿ ತರಬಾರದು ಎಂಬುದು ನಮ್ಮ ನಿಲುವು. ಮತದಾರರ ಮೇಲೆ ಕರ್ತವ್ಯ ಹೊರಿಸುವ ಮೊದಲು ಸರ್ಕಾರ ತನ್ನ ಪಾಲಿನದು ಮುಗಿಸಿರಬೇಕು. ಮೊದಲನೆಯದು ಪಟ್ಟಿ. ಚಿಲಿಯಲ್ಲಿ 2012ರಿಂದಲೇ ಹೆಸರು ತಾನಾಗಿ ಸೇರುತ್ತಿತ್ತು. ಇಲ್ಲಿ ಹೊಸಬರು ನಮೂನೆ 6, ವಿಳಾಸ ಬದಲಾದವರು ನಮೂನೆ 8 ತಾವೇ ಕೊಡಬೇಕು, ಕೊಟ್ಟ ಮೇಲೂ ಹೆಸರು ಬಂದಿದೆಯೇ ಎಂದು ತಾವೇ ನೋಡಿಕೊಳ್ಳಬೇಕು. ಸತ್ತವರ ಹೆಸರು ಉಳಿದು ಬದುಕಿದವರ ಹೆಸರು ಹೋಗುವ ಪಟ್ಟಿಯನ್ನು ಹಿಡಿದುಕೊಂಡು ನೋಟಿಸ್ ಕಳಿಸಿದರೆ ಕಚೇರಿಗಳಲ್ಲಿ ತಕರಾರು ತುಂಬುತ್ತದೆ, ಅಲೆಯುವವರು ಮತ್ತೆ ಬಡವರೇ.

ಎರಡನೆಯದು ದೂರ. ದುಡಿಯಲು ಬೇರೆ ರಾಜ್ಯಕ್ಕೆ ಹೋದವರಿಗೆ ಇದ್ದ ಊರಿನಿಂದ ಮತ ಹಾಕುವ ವ್ಯವಸ್ಥೆ ಇಲ್ಲ. ಮನೆಯಿಂದಲೇ ಹಾಕುವ ನಮೂನೆ 12ಡಿ ಸೌಲಭ್ಯ 85 ದಾಟಿದವರಿಗೆ ಮತ್ತು ಶೇ 40ಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರಿಗೆ ಸಿಕ್ಕಿದೆ, ಒಳ್ಳೆಯದು, ಆದರೆ ವಲಸೆ ಕಾರ್ಮಿಕರಿಗೆ ಅಂಥದ್ದು ಏನೂ ಇಲ್ಲ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು. ಆದರೆ ಕೂಲಿ ಲೆಕ್ಕವೇ ಬರೆಯದ ಕಡೆ ಅದನ್ನು ಕೇಳುವವರು ಯಾರು? ಆಸ್ಟ್ರೇಲಿಯಾದಲ್ಲಿ ಮತದಾನ ಶನಿವಾರವೇ ನಡೆಯುತ್ತದೆ. ಮುಂಚಿತ ಮತದಾನ, ಅಂಚೆ ಮತ, ಆಸ್ಪತ್ರೆಗೂ ದೂರದ ಜನವಸತಿಗೂ ಹೋಗುವ ಸಂಚಾರಿ ತಂಡ ಇಷ್ಟನ್ನೂ ಕಟ್ಟಿಕೊಂಡ ಮೇಲೆ ಆ ದೇಶ ದಂಡ ಕೇಳುತ್ತಿದೆ. ಇದೆಲ್ಲ ಇದ್ದು, ನಿರಾಕರಣೆಯನ್ನೂ ಬೇರೆಯಾಗಿ ಎಣಿಸಿ ಅದಕ್ಕೆ ಪರಿಣಾಮ ಕೊಡುವಂತಾದರೆ, ಹಾಜರಿಯ ಕರ್ತವ್ಯಕ್ಕೆ ನಮ್ಮ ಒಪ್ಪಿಗೆ ಇದೆ.

ಮತಗಟ್ಟೆಗೇ ಹೋಗದೆ ಮನೆಯಲ್ಲಿ ಕೂತರೆ ಅದೂ ಪ್ರತಿಭಟನೆಯೇ ಅಲ್ಲವೇ?

ನಿಮ್ಮ ಮನಸ್ಸಿನಲ್ಲಿ ಹೌದು, ದಾಖಲೆಯಲ್ಲಿ ಅಲ್ಲ. ಪಟ್ಟಿಯಲ್ಲಿ ಗುರುತು ಬೀಳದ ಹೆಸರು ಜ್ವರ ಬಂದವರದೂ ಇರಬಹುದು, ಪ್ರವಾಸಕ್ಕೆ ಹೋದವರದೂ ಇರಬಹುದು, ಸಿದ್ಧಾಂತಕ್ಕೆ ಬದ್ಧರಾದವರದೂ ಇರಬಹುದು. ಎಣಿಸುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಗೆದ್ದವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ. ನಿರಾಕರಣೆ ರಾಜಕೀಯವಾಗಬೇಕಾದರೆ ಯಾಕೆ ಎಂಬುದು ಮುಂಚೆಯೇ ಬಹಿರಂಗವಾಗಿರಬೇಕು, ಜೊತೆಗೆ ಜನ ಇರಬೇಕು, ಸಂಖ್ಯೆ ಕಾಣಬೇಕು.

ದಕ್ಷಿಣ ಆಫ್ರಿಕಾದಲ್ಲಿ 1984ರಲ್ಲಿ ಹೀಗೆ ನಡೆಯಿತು. ವರ್ಣಭೇದದ ಸರ್ಕಾರ ಮಿಶ್ರವರ್ಣೀಯರಿಗೂ ಭಾರತೀಯ ಮೂಲದವರಿಗೂ ಒಂದೊಂದು ಸದನ ಕೊಟ್ಟು, ಬಹುಸಂಖ್ಯಾತ ಕಪ್ಪು ಜನರನ್ನು ಹೊರಗಿಟ್ಟಿತು. 1983ರಲ್ಲಿ ಹುಟ್ಟಿದ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಆ ಚುನಾವಣೆಯನ್ನು ಬಹಿಷ್ಕರಿಸಲು ಕರೆ ಕೊಟ್ಟು ಮನೆಮನೆ ಸುತ್ತಿತು. ಪಟ್ಟಿಯಲ್ಲಿ ಇದ್ದವರಲ್ಲೇ ಮತ ಹಾಕಿದವರು ಒಂದು ಸದನಕ್ಕೆ ಸುಮಾರು ಶೇ 30, ಇನ್ನೊಂದಕ್ಕೆ ಸುಮಾರು ಶೇ 20. ಹೆಸರನ್ನೇ ಸೇರಿಸದವರು ಬೇರೆ. ಆ ಸದನಗಳು ನಡೆದರೂ ಜನರ ಒಪ್ಪಿಗೆ ಇದೆ ಎಂದು ಹೇಳಿಕೊಳ್ಳುವ ಮುಖ ಅವುಗಳಿಗೆ ಉಳಿಯಲಿಲ್ಲ.

ಕಡ್ಡಾಯ ಇದ್ದ ಕಡೆಯೂ ಇದು ಸಾಧ್ಯ. ಅರ್ಜೆಂಟೀನಾದಲ್ಲಿ ಅಧಿಕಾರದಿಂದ ಉರುಳಿದ ಅಧ್ಯಕ್ಷ ಪೆರೋನ್ ಅವರ ಪಕ್ಷವನ್ನು ನಿಷೇಧಿಸಿ 1957ರಲ್ಲಿ ಸಂವಿಧಾನ ಸಭೆಗೆ ಚುನಾವಣೆ ಮಾಡಿದರು. ಬಂದು ಖಾಲಿ ಮತ ಹಾಕಿ ಎಂಬ ಕರೆ ಹೋಯಿತು. ಖಾಲಿ ಮತಗಳು ಶೇ 24 ದಾಟಿ, ಯಾವ ಒಂದು ಪಕ್ಷಕ್ಕೂ ಬಿದ್ದ ಮತಕ್ಕಿಂತ ಹೆಚ್ಚಾದವು. ನಿಷೇಧ ಮಾಡಿದವರ ಅಧಿಕೃತ ಫಲಿತಾಂಶದಲ್ಲೇ ನಿಷೇಧಿತರ ಬಲ ಅಚ್ಚಾಯಿತು.

ಸೋತ ಬಹಿಷ್ಕಾರಗಳೂ ಉಂಟು. ವೆನೆಜುವೆಲಾದಲ್ಲಿ 2005ರ ಸಂಸತ್ ಚುನಾವಣೆಯಿಂದ ಪ್ರಮುಖ ವಿರೋಧ ಪಕ್ಷಗಳು ಕೊನೆ ಗಳಿಗೆಯಲ್ಲಿ ಹಿಂದೆ ಸರಿದವು. ಮತದಾನ ಶೇ 25ರಷ್ಟಕ್ಕೆ ಇಳಿಯಿತು, ಆದರೆ 167 ಸ್ಥಾನಗಳೂ ಅಧ್ಯಕ್ಷ ಚಾವೆಸ್ ಪರ ಪಕ್ಷಗಳ ಪಾಲಾದವು, ಐದು ವರ್ಷ ಸದನದಲ್ಲಿ ಎದುರು ಮಾತನಾಡುವ ಬಲ ಉಳಿಯಲಿಲ್ಲ. ಕನಿಷ್ಠ ಇಷ್ಟು ಜನ ಬರಲೇಬೇಕು ಎಂಬ ನಿಯಮ ಇಲ್ಲದ ಕಡೆ ಬಹಿಷ್ಕಾರ ಎದುರಾಳಿಗೆ ಕುರ್ಚಿಯನ್ನು ಬಿಟ್ಟುಕೊಡುತ್ತದೆ. 2023ರ ಏಪ್ರಿಲ್‌ನಲ್ಲಿ ಉತ್ತರ ಕೊಸೊವೊದ ನಾಲ್ಕು ಪುರಸಭೆಗಳಲ್ಲಿ ಅಲ್ಲಿ ಬಹುಸಂಖ್ಯಾತರಾದ ಸರ್ಬ್ ಜನ ದೂರ ಉಳಿದರು, ಬಂದವರು ಶೇ 4 ಕೂಡ ಇಲ್ಲ. ಮೇಯರ್‌ಗಳು ಆದರೂ ಆಯ್ಕೆಯಾದರು, ಮುಂದಿನ ತಿಂಗಳು ಅವರು ಕಚೇರಿಗೆ ಹೋದಾಗ ಗಲಭೆಯಾಯಿತು. ಬಹಿಷ್ಕಾರಕ್ಕೆ ಇಳಿಯುವ ಮೊದಲು ಫಲಿತಾಂಶದ ಮರುದಿನ ಏನು ಮಾಡುತ್ತೇವೆ ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಬೇಕು.

ಗೆದ್ದ ಮೇಲೆ ಸದನಕ್ಕೆ ಹೋಗದಿರುವುದೂ ಇದೇ ಜಾತಿಯದೇ?

ನಂಟಿದೆ, ಆದರೆ ಬೇರೆ. ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಸಿನ್ ಫೇನ್ ಪಕ್ಷ 1918ರಲ್ಲಿ 73 ಸ್ಥಾನ ಗೆದ್ದು ಬ್ರಿಟಿಷ್ ಸಂಸತ್ತಿಗೆ ಹೋಗಲಿಲ್ಲ. 1919ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ತಮ್ಮದೇ ಸದನ ಸೇರಿಸಿದರು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂದಿಗೂ ಅವರು ಆಸನ ಸ್ವೀಕರಿಸುವುದಿಲ್ಲ. ಇಲ್ಲಿ ಮತದಾರರು ಮತ ಹಾಕಿಯೇ ಗೈರನ್ನು ಆರಿಸಿದ್ದಾರೆ, ಅವರ ಸಂಖ್ಯೆ ಎಣಿಕೆಯಲ್ಲಿ ದಾಖಲಾಗಿದೆ.

ಜನಮತಗಣನೆಯಲ್ಲಿ ‘ಬೇಡ’ ಅನ್ನುವವರಿಗೆ ಮನೆಯಲ್ಲೇ ಇರಿ ಎಂದು ಪಕ್ಷಗಳು ಹೇಳುವುದು ಯಾಕೆ?

ಅರ್ಧಕ್ಕಿಂತ ಹೆಚ್ಚು ಮತದಾರರು ಬರದಿದ್ದರೆ ಫಲಿತಾಂಶ ಅಮಾನ್ಯ ಎಂಬ ನಿಯಮ ಇರುವ ಕಡೆ ಈ ತಂತ್ರ ನಡೆಯುತ್ತದೆ. ಒಂದು ಪ್ರಸ್ತಾವದ ಪರ 45 ಜನ, ವಿರುದ್ಧ 30 ಜನ ಇದ್ದಾರೆ, ಉಳಿದ 25 ಜನರಿಗೆ ಆಸಕ್ತಿ ಇಲ್ಲ ಎಂದುಕೊಳ್ಳಿ. ವಿರೋಧಿಗಳು ಬಂದು ಹಾಕಿದರೆ 45ಕ್ಕೆ 30ರಲ್ಲಿ ಸೋಲುತ್ತಾರೆ. ಮನೆಯಲ್ಲಿ ಉಳಿದರೆ ಬಂದವರು 45 ಮಾತ್ರ, ಪ್ರಸ್ತಾವ ಬಿದ್ದುಹೋಗುತ್ತದೆ. ಇಟಲಿಯಲ್ಲಿ 2025ರ ಜೂನ್‌ನ ಜನಮತಗಣನೆಗಳಿಗೆ ಬಂದವರು ಶೇ 30ರಷ್ಟು, ಎಲ್ಲವೂ ಅಮಾನ್ಯವಾದವು. ಹಂಗೇರಿಯಲ್ಲಿ 2016ರಲ್ಲಿ ಐರೋಪ್ಯ ಒಕ್ಕೂಟದ ವಲಸಿಗರ ಕೋಟಾ ಕುರಿತು ಸರ್ಕಾರ ಕೇಳಿದ ಪ್ರಶ್ನೆಗೆ ಸಿಂಧು ಮತಗಳಲ್ಲಿ ಶೇ 98 ಸರ್ಕಾರದ ಪರವೇ ಬಿದ್ದರೂ ಸಂಖ್ಯೆ ಸಾಲದೆ ಅದು ಲೆಕ್ಕಕ್ಕೆ ಬರಲಿಲ್ಲ.

ಇದು ಜಾಣತನದ ತಂತ್ರ. ಸಿದ್ಧಾಂತದ ನಿರಾಕರಣೆ ಎಂದು ಕರೆಯಲು ನಮಗೆ ಮನಸ್ಸಿಲ್ಲ, ಯಾಕೆಂದರೆ ಆಸಕ್ತಿ ಇಲ್ಲದವರ ಗೈರನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇನ್ನೊಂದು ಕೆಡುಕೂ ಇದೆ. ಒಂದು ಬಣ ಪೂರ್ತಿ ಮನೆಯಲ್ಲಿ ಉಳಿದರೆ ಮತಗಟ್ಟೆಗೆ ಹೋಗುವವರೆಲ್ಲ ಇನ್ನೊಂದು ಬಣದವರು ಎಂದು ಬೀದಿಯಲ್ಲಿ ನಿಂತವರಿಗೇ ತಿಳಿಯುತ್ತದೆ. ಪರದೆ ಇದ್ದೂ ಗುಟ್ಟು ಉಳಿಯುವುದಿಲ್ಲ. ಸಣ್ಣ ಊರುಗಳಲ್ಲಿ, ಮಾಲೀಕರ ಕೈಕೆಳಗೆ ದುಡಿಯುವವರಿಗೆ ಇದು ನಿಜವಾದ ಅಪಾಯ. ಕನಿಷ್ಠ ಹಾಜರಿಯ ಬದಲು, ಗೆಲ್ಲುವ ಕಡೆಗೆ ಒಟ್ಟು ಮತದಾರರಲ್ಲಿ ಇಂತಿಷ್ಟು ಪಾಲು ಬೆಂಬಲ ಇರಬೇಕು ಎಂದು ನಿಯಮ ಮಾಡಿದರೆ, ಬಂದು ‘ಬೇಡ’ ಅಂದವರಿಂದ ಎದುರಾಳಿಗೆ ಲಾಭ ಆಗುವುದು ತಪ್ಪುತ್ತದೆ.

ಧರ್ಮದ ಕಾರಣಕ್ಕೆ ಮತ ಹಾಕದವರು?

ಆಸ್ಟ್ರೇಲಿಯಾದ ಕಾಯ್ದೆ ಅದನ್ನು ಸೂಕ್ತ ಕಾರಣವೆಂದು ನೇರವಾಗಿ ಒಪ್ಪುತ್ತದೆ. ಧಾರ್ಮಿಕ ನಂಬಿಕೆಗೆ ಇರುವ ಈ ವಿನಾಯಿತಿ ಜಡ್ ಅವರಂಥ ರಾಜಕೀಯ ನಂಬಿಕೆಗೆ ಇಲ್ಲದಿರುವುದು ತಾರತಮ್ಯ ಎಂದೇ ನಮ್ಮ ಎಣಿಕೆ.

ನೋಟಾ ಒತ್ತಿದರೆ ಏನಾಗುತ್ತದೆ? ಅದು ಹೆಚ್ಚು ಬಂದರೆ ಚುನಾವಣೆ ರದ್ದಾಗುತ್ತದೆ ಎಂದು ಮೊಬೈಲ್‌ಗೆ ಸಂದೇಶ ಬಂದಿತ್ತು.

ವಿಧಾನಸಭೆ, ಲೋಕಸಭೆಗೆ ಆ ಸಂದೇಶ ಸುಳ್ಳು. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಂತು. ನಿರಾಕರಿಸುವವರ ಗುಟ್ಟೂ ಉಳಿಯಬೇಕು ಎಂಬುದು ಅದರ ತಿರುಳು. ನೋಟಾ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಪಾಲನ್ನು ಲೆಕ್ಕ ಹಾಕುವಾಗಲೂ ನೋಟಾವನ್ನು ಸಿಂಧು ಮತಗಳಲ್ಲಿ ಸೇರಿಸುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ 2,18,674 ನೋಟಾ ಬಿದ್ದವು. ಅದು ಸುದ್ದಿಯಾಯಿತು, ಫಲಿತಾಂಶಕ್ಕೆ ಏನೂ ಆಗಲಿಲ್ಲ. ಅದೇ ವರ್ಷ ಸೂರತ್‌ನಲ್ಲಿ ಕಣದಲ್ಲಿ ಒಬ್ಬರೇ ಉಳಿದು ಅವಿರೋಧ ಆಯ್ಕೆಯಾಯಿತು. ಹಾಗಾದಾಗ ಮತದಾನವೇ ಇಲ್ಲ, ನೋಟಾ ಒತ್ತುವ ಅವಕಾಶವೂ ಇಲ್ಲ. ನಿರಾಕರಣೆಗೆ ಅತ್ಯಂತ ಅಗತ್ಯ ಇರುವ ಸಂದರ್ಭದಲ್ಲೇ ಅದು ಸಿಗದಿರುವುದು ದೊಡ್ಡ ಕೊರತೆ.

ಬೇರೆ ದಾರಿಗಳಿವೆ. ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ 2018ರಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ನೋಟಾ ಮುಂದಿದ್ದರೆ ಮತ್ತೆ ಚುನಾವಣೆ ನಡೆಸಬೇಕು ಎಂದಿತು. ಇಂಡೊನೇಷ್ಯಾದಲ್ಲಿ ಒಬ್ಬರೇ ಅಭ್ಯರ್ಥಿ ಇದ್ದರೆ ಮತಪತ್ರದಲ್ಲಿ ಎದುರಿಗೆ ಖಾಲಿ ಚೌಕ ಇರುತ್ತದೆ. 2018ರಲ್ಲಿ ಮಕಸ್ಸರ್ ನಗರದ ಮೇಯರ್ ಚುನಾವಣೆಯಲ್ಲಿ ಗೆದ್ದದ್ದು ಆ ಖಾಲಿ ಚೌಕ. ಕೊಲಂಬಿಯಾದಲ್ಲಿ ಖಾಲಿ ಮತ ಅರ್ಧ ದಾಟಿದರೆ ಹೊಸ ಅಭ್ಯರ್ಥಿಗಳೊಂದಿಗೆ ಮರುಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳುತ್ತದೆ. ಬೆಯೊ ಪಟ್ಟಣದಲ್ಲಿ 2011ರಲ್ಲಿ ಹಾಗೇ ಆಯಿತು, ಏಕೈಕ ಅಭ್ಯರ್ಥಿಯನ್ನು ಜನ ಖಾಲಿ ಮತದಿಂದ ಸೋಲಿಸಿದರು. ನಮಗೆ ಮಾದರಿಯಾಗಬೇಕಾದದ್ದು ಇದು.

ನಮ್ಮ ಬಡಾವಣೆಯವರು ಈ ಸಲ ಒಟ್ಟಾಗಿ ಬಹಿಷ್ಕಾರ ಮಾಡಬೇಕು ಅನ್ನುತ್ತಿದ್ದಾರೆ. ಕಾನೂನಿಗೆ ಸಿಕ್ಕಿಬೀಳದಂತೆ ಹೇಗೆ? ಮತಗಟ್ಟೆಯಲ್ಲಿ ನಿರಾಕರಿಸುವ ಕ್ರಮ ಏನು?

ಶಾಂತವಾಗಿ ಕರೆ ಕೊಡುವುದು ಅಪರಾಧವಲ್ಲ. ಒಪ್ಪದವರನ್ನು ಹೆದರಿಸಿದರೆ ಅಪರಾಧ. ಮತ ಹಾಕಿದರೆ ಊರಿನಿಂದ, ಜಾತಿಯಿಂದ ಹೊರಗಿಡುತ್ತೇವೆ ಅನ್ನುವುದು, ದೇವರ ಕೋಪ ತಟ್ಟುತ್ತದೆ ಎಂದು ನಂಬಿಸುವುದು ಎರಡೂ ಚುನಾವಣಾ ಕಾನೂನಿನಲ್ಲಿ ಅಕ್ರಮ ಪ್ರಭಾವ. ಆಣೆ ಮಾಡಿಸಬೇಡಿ. ಬೆರಳಿನ ಶಾಯಿ ಪರೀಕ್ಷಿಸಲು ಯಾರನ್ನೂ ಬೀದಿಯಲ್ಲಿ ನಿಲ್ಲಿಸಬೇಡಿ.

ಬೇಡಿಕೆಯನ್ನು ಬರೆದು, ಯಾವ ಕಚೇರಿ ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂದು ನಮೂದಿಸಿ, ಸಹಿ ಹಾಕಿಸಿ, ಸ್ವೀಕೃತಿ ಪಡೆಯಿರಿ. ‘ಅಭಿವೃದ್ಧಿ ಆಗಿಲ್ಲ’ ಎಂಬ ಒಂದು ಸಾಲಿನ ಮನವಿಗೆ ಅಧಿಕಾರಿಗಳು ಮತದಾನದ ಹಿಂದಿನ ದಿನ ಬಂದು ಬಾಯಿಮಾತಿನ ಭರವಸೆ ಕೊಟ್ಟು ಹೋಗುತ್ತಾರೆ. ನೀತಿಸಂಹಿತೆ ಜಾರಿಯಾದ ಮೇಲೆ ಹೊಸ ಕಾಮಗಾರಿ ಘೋಷಿಸಲು ಅವರಿಗೂ ಅವಕಾಶ ಇರುವುದಿಲ್ಲ, ಹಾಗಾಗಿ ಅದಕ್ಕೂ ತಿಂಗಳುಗಳ ಮೊದಲೇ ಶುರು ಮಾಡಿ. ಮನೆಯಲ್ಲಿ ಉಳಿಯುವುದೋ, ಹೋಗಿ ನೋಟಾ ಒತ್ತುವುದೋ ಎಂಬುದನ್ನು ಎಲ್ಲರೂ ಸೇರಿ ತೀರ್ಮಾನಿಸಿ. ನಮ್ಮ ಸಲಹೆ ಎರಡನೆಯದು. ನಿಮ್ಮ ಮತಗಟ್ಟೆಯ ನೋಟಾ ಸಂಖ್ಯೆ ಅಧಿಕೃತ ಫಲಿತಾಂಶದಲ್ಲಿ ಮತಗಟ್ಟೆವಾರು ಬರುತ್ತದೆ, ಅದನ್ನು ಮುಂದೆ ಎಲ್ಲಿ ಬೇಕಾದರೂ ತೋರಿಸಬಹುದು.

ಮತಗಟ್ಟೆಯ ಒಳಗೆ ಮೊದಲ ಅಧಿಕಾರಿ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡುತ್ತಾರೆ. ಎರಡನೆಯವರು ಬೆರಳಿಗೆ ಶಾಯಿ ಹಾಕಿ, 17ಎ ರಿಜಿಸ್ಟರ್‌ನಲ್ಲಿ ಸಹಿ ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ತೆಗೆದುಕೊಂಡು ಮತಯಂತ್ರದ ಕಂಟ್ರೋಲ್ ಯೂನಿಟ್‌ನ ಬ್ಯಾಲೆಟ್ ಗುಂಡಿ ಒತ್ತುತ್ತಾರೆ. ನೋಟಾ ಬೇಕಿದ್ದರೆ ಪರದೆಯ ಆಚೆ ಅಭ್ಯರ್ಥಿಗಳ ಹೆಸರೆಲ್ಲ ಮುಗಿದ ಮೇಲಿರುವ ಕೊನೆಯ ಗುಂಡಿ ಅದು. ಒಂದು ಯಂತ್ರದಲ್ಲಿ 16 ಗುಂಡಿಗಳಿರುವುದರಿಂದ 15ಕ್ಕಿಂತ ಹೆಚ್ಚು ಜನ ನಿಂತಿದ್ದರೆ ಅದು ಎರಡನೆಯ ಯಂತ್ರದಲ್ಲೋ ಅದರಾಚೆಯೋ ಇರುತ್ತದೆ, ಮೊದಲನೆಯದರಲ್ಲಿ ಹುಡುಕಿ ಗಲಿಬಿಲಿಯಾಗಬೇಡಿ.

ಹೆಸರು ಹೇಳಿಯೇ ನಿರಾಕರಿಸಬೇಕು ಅನ್ನುವವರಿಗೆ 1961ರ ಚುನಾವಣಾ ನಿಯಮಗಳ 49-ಒ ಇನ್ನೂ ಇದೆ. 17ಎಯಲ್ಲಿ ಸಹಿ ಹಾಕಿದ ಮೇಲೆ, ಮೂರನೆಯವರು ಗುಂಡಿ ಒತ್ತುವ ಮೊದಲೇ, ಮತ ಹಾಕುವುದಿಲ್ಲ ಎಂದು ಮತಗಟ್ಟೆಯ ಮುಖ್ಯಾಧಿಕಾರಿಗೆ ಹೇಳಿ. ಅವರು ನಿಮ್ಮ ಹೆಸರಿನ ಎದುರು ಷರಾ ಬರೆದು, ಅದರ ಮುಂದೆ ನಿಮ್ಮ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಅಭ್ಯರ್ಥಿಗಳ ಏಜೆಂಟರೆಲ್ಲ ಅಲ್ಲೇ ಕೂತಿರುತ್ತಾರೆ, ಆದ್ದರಿಂದ ಇದರಲ್ಲಿ ಗುಟ್ಟು ಉಳಿಯುವುದಿಲ್ಲ. ಗುಂಡಿ ಒತ್ತಿದ ಮೇಲೆ ಮನಸ್ಸು ಬದಲಿಸಿದರೆ ಯಂತ್ರದ ಕೆಂಪು ದೀಪ ಹೊತ್ತೇ ಇರುತ್ತದೆ, ನಿಮ್ಮ ಹಿಂದಿನವರನ್ನು ಒಳಗೆ ಕಳಿಸಿ ಅದೇ ಸರದಿಯಲ್ಲಿ ಮತ ಹಾಕಿಸಬೇಕಾಗುತ್ತದೆ. ಹೀಗೆ ನಿರಾಕರಿಸಿದವರ ಸಂಖ್ಯೆಯನ್ನು ಮತದಾನ ಮುಗಿದಾಗ 17ಸಿ ನಮೂನೆಯಲ್ಲಿ ಬರೆಯುತ್ತಾರೆ. ಅದರ ಪ್ರತಿ ಏಜೆಂಟರಿಗೆ ಸಿಗುತ್ತದೆ, ಅವರಿಂದ ಪಡೆದು ನಿಮ್ಮ ಮನವಿಯ ಕಡತಕ್ಕೆ ಸೇರಿಸಿ.